ಪಂಪ್‌ಸೆಟ್ಟಿನ ದಾರಿಯಲ್ಲಿ ಕರಡಿ: ಖಾನಾಪುರ ತಾಲ್ಲೂಕಿನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಕಾಡಿಗೆ ಹೊಂದಿಕೊಂಡಿರುವ ಒಂದು ಸಣ್ಣ ಹಳ್ಳಿಯಲ್ಲಿ. ಗಾಯಗೊಂಡವರ ಮನೆಯವರು ಕೇಳಿಕೊಂಡದ್ದರಿಂದ ಊರಿನ ಹೆಸರನ್ನು ಬಿಟ್ಟಿದ್ದೇನೆ, ವ್ಯಕ್ತಿಗಳ ಹೆಸರುಗಳನ್ನು ಬದಲಿಸಿದ್ದೇನೆ, ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಕೈಬಿಟ್ಟಿದ್ದೇನೆ. ಆಗ ನಾನು ಸಮೀಪದ ಪಟ್ಟಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಗ್ರಾಮ ಪಂಚಾಯಿತಿಯವರು ಮಾಡಿದ ಸಣ್ಣ ಸಮಿತಿಯಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದರಿಂದ ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದನ್ನು ಹತ್ತಿರದಿಂದ ಕಂಡಿದ್ದೇನೆ, ಕೆಲವು ತಪ್ಪುಗಳಲ್ಲಿ ಪಾಲುದಾರನೂ ಆಗಿದ್ದೇನೆ.

ಹಿನ್ನೆಲೆ

ಖಾನಾಪುರ ತಾಲ್ಲೂಕಿನ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಸಹ್ಯಾದ್ರಿಯ ಮಳೆಕಾಡು. ಪೂರ್ವಕ್ಕೆ ಬೀಡಿ, ಕಕ್ಕೇರಿಗಳ ಕಡೆ ಇಳಿದಂತೆ ಕಾಡು ತೆಳುವಾಗಿ ಕುರುಚಲಾಗುತ್ತದೆ, ನಡುನಡುವೆ ಭತ್ತ, ಗೋವಿನಜೋಳ, ಕಬ್ಬು ಕಾಣಿಸಿಕೊಳ್ಳುತ್ತವೆ. 2011ರಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಜೀವಿಧಾಮವಾಯಿತು. ಕರಡಿಗೆ ಆ ಗಡಿಯ ಅರಿವಿಲ್ಲ. ಲೋಂಡಾ, ನಾಗರಗಾಳಿ, ಗೋಲಿಹಳ್ಳಿ ಕಡೆಯ ಕಾಡುಗಳಲ್ಲಿಯೂ, ದಕ್ಷಿಣಕ್ಕೆ ಹಳಿಯಾಳ, ದಾಂಡೇಲಿಗಳತ್ತ ಹಬ್ಬಿದ ಕಾಡಿನಲ್ಲಿಯೂ ಅದು ಓಡಾಡಿಕೊಂಡಿದೆ.

ಕರಡಿ ಮತ್ತು ಮನುಷ್ಯರ ಸಂಘರ್ಷ ಎಂದಾಗ ಓದಿದವರ ಮನಸ್ಸಿಗೆ ಬರುವುದು ಬಹುಮಟ್ಟಿಗೆ ಕಂದು ಕರಡಿ. ಲಡಾಖಿನ ಹಳ್ಳಿಗಳಲ್ಲಿ ದನ-ಕುರಿಗಳ ಮೇಲೆ ಬೀಳುವ, ಕಾಳಿನ ಕೋಣೆಯ ಗೋಡೆ ಒಡೆಯುವ, ಉತ್ತರ ಅಮೆರಿಕದಲ್ಲಿ ಕಸದ ತೊಟ್ಟಿಗೆ ಬರುವ ಪ್ರಾಣಿ ಅದು. ಅಲ್ಲಿ ಜಗಳದ ಮೂಲ ಆಹಾರ. ಆದ್ದರಿಂದ ಆಹಾರವನ್ನು ಭದ್ರ ಮಾಡುವುದು, ವಿದ್ಯುತ್ ಬೇಲಿ ಹಾಕುವುದು ಅಲ್ಲಿನ ಮೊದಲ ಉಪಾಯ. ನಮ್ಮ ಕರಡಿ, ಇಂಗ್ಲಿಷಿನವರು ಸ್ಲಾತ್ ಬೇರ್ ಎನ್ನುವುದು, ಬೇರೆ ಜಾತಿಯದು, ಅದರ ಬದುಕೂ ಬೇರೆ. ಚಳಿಗಾಲದ ದೀರ್ಘ ನಿದ್ದೆ ಇದಕ್ಕಿಲ್ಲ. ಗೆದ್ದಲು, ಇರುವೆ, ಜೇನು, ಕಾಡುಹಣ್ಣು ಇದರ ಮುಖ್ಯ ಊಟ. ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳಿಲ್ಲದ ಸಂದಿನಿಂದ, ಹುತ್ತದ ಮಣ್ಣನ್ನು ಊದಿ, ಗೆದ್ದಲನ್ನು ಜೋರಾಗಿ ಹೀರಿಕೊಳ್ಳುತ್ತದೆ. ಆ ಸದ್ದು ರಾತ್ರಿ ನೂರು ಮೀಟರಿಗೂ ಆಚೆ ಕೇಳಿಸುತ್ತದೆ. ಮೂಗು ಬಹಳ ಚುರುಕು, ಕಣ್ಣು ಮಂದ. ಹುಲಿ, ಚಿರತೆಗಳ ನಡುವೆಯೇ ಬದುಕಿ ಬಂದ ಪ್ರಾಣಿಯಾದ್ದರಿಂದ ಹತ್ತಿರದಲ್ಲಿ ಬೆಚ್ಚಿಬಿದ್ದರೆ ಓಡುವುದಕ್ಕಿಂತ ಎದುರಿಗೆ ನುಗ್ಗುವುದೇ ಹೆಚ್ಚು. ತಾಯಿ ಮರಿಗಳನ್ನು ಹಲವು ತಿಂಗಳು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಆ ದಿನಗಳಲ್ಲಿ ಅದರ ಅಂಜಿಕೆಯೂ ಸಿಟ್ಟೂ ಇಮ್ಮಡಿ. ಈ ವ್ಯತ್ಯಾಸ ನಮಗೆ ತಡವಾಗಿ ಅರ್ಥವಾಯಿತು, ಆ ತಡದಿಂದ ಸಮಯವೂ ಹಣವೂ ಹೋದವು.

ಘಟನೆ

ಮಾರ್ಚ್ ತಿಂಗಳು. ಬಸಪ್ಪನವರಿಗೆ ಆಗ ಐವತ್ತರ ಆಸುಪಾಸು. ಹಳ್ಳದ ದಂಡೆಯಲ್ಲಿ ಎರಡೆಕರೆ ಕಬ್ಬು, ಹಳ್ಳದ ಮಡುವಿಗೆ ಇಳಿಸಿದ ಪಂಪ್‌ಸೆಟ್ಟು. ಕೃಷಿ ಪಂಪುಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟು ಕೊಡುವುದು ವಾಡಿಕೆ. ಅದನ್ನು ಪಾಳಿಗಳಾಗಿ ಹಂಚಿದಾಗ ಆ ಊರಿನ ಫೀಡರಿಗೆ, ಎಂದರೆ ಉಪಕೇಂದ್ರದಿಂದ ಆ ಕಡೆ ಬರುವ ವಿದ್ಯುತ್ ಮಾರ್ಗಕ್ಕೆ, ಆ ಬೇಸಿಗೆಯಲ್ಲಿ ರಾತ್ರಿ ಪಾಳಿ ಬಂದಿತ್ತು. ನಸುಕಿನ ಮೂರರ ಹೊತ್ತಿಗೆ ಕರೆಂಟು ಬಂತೆಂದು ಎದ್ದ ಬಸಪ್ಪನವರು ಬ್ಯಾಟರಿ ಹಿಡಿದು ಹೊಲಕ್ಕೆ ನಡೆದರು, ಹತ್ತು ಮಾರು ಹಿಂದೆ ಅಣ್ಣನ ಮಗ ಬರುತ್ತಿದ್ದ. ದಾರಿಯ ಎರಡೂ ಬದಿಗೆ ಆಳೆತ್ತರದ ಲಂಟಾನ ಬೆಳೆದಿತ್ತು. ಅಕ್ಕಪಕ್ಕದ ಹೊಲಗಳಲ್ಲಿ ಆಟೋ ಸ್ಟಾರ್ಟರ್ ಕೂಡಿಸಿದ ಮೋಟಾರುಗಳು ಆಗಲೇ ಓಡುತ್ತಿದ್ದವು.

ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಪೈಪಿನ ಒಂದು ಜೋಡಣೆ ಬಹಳ ದಿನಗಳಿಂದ ಸೋರುತ್ತಿತ್ತು. ಅಲ್ಲಿ ನೆಲ ಹಸಿಯಾಗಿತ್ತು, ಬದುವಿನ ಹುತ್ತದ ಬುಡವೂ ಮೆತ್ತಗಾಗಿತ್ತು. ಎರಡು ಮರಿಗಳನ್ನು ಬೆನ್ನ ಮೇಲೆ ಕೂಡಿಸಿಕೊಂಡಿದ್ದ ತಾಯಿಕರಡಿ ಆ ಹುತ್ತವನ್ನು ಅಗೆಯುತ್ತಿತ್ತು. ಬಸಪ್ಪನವರು ಅದರಿಂದ ಆರೇಳು ಹೆಜ್ಜೆ ದೂರ ಬಂದಾಗ ಅದು ತಲೆ ಎತ್ತಿತು. ಮುಂದಿನದೆಲ್ಲ ಒಂದು ನಿಮಿಷದೊಳಗೆ ನಡೆದುಹೋಯಿತು. ಹುಡುಗನ ಕೂಗಿಗೆ ಕರಡಿ ಬಿಟ್ಟು ಹಳ್ಳ ದಾಟಿತು, ಆದರೆ ಬಸಪ್ಪನವರ ಬಲಗಣ್ಣು ಹೋಗಿತ್ತು, ನೆತ್ತಿಯ ಚರ್ಮ ಕಿತ್ತುಬಂದಿತ್ತು, ಎಡಗೈಯ ಎಲುಬು ಮುರಿದಿತ್ತು.

ಮನೆಯವರು ಗಾಯಕ್ಕೆ ಅರಿಷಿಣ, ಸುಣ್ಣ ಮೆತ್ತಿ ಧೋತರ ಸುತ್ತಿ ಜೀಪಿನಲ್ಲಿ ಕರೆದೊಯ್ದರು. ಮೊದಲ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ ಬೆಳಗಾವಿಗೆ ಕಳಿಸಿದರು. ಅಲ್ಲಿ ಎರಡನೆಯ ದಿನ ಒಬ್ಬ ಹಿರಿಯ ವೈದ್ಯರು ಕೇಳುವವರೆಗೆ ರೇಬಿಸ್ ಚುಚ್ಚುಮದ್ದಿನ ವಿಚಾರ ಯಾರಿಗೂ ಹೊಳೆದಿರಲಿಲ್ಲ. ನಾಯಿ ಕಚ್ಚಿದರೆ ಮಾತ್ರ ಅದು ಬೇಕೆಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳವಾಗಿದೆ. ಕರಡಿ ಕಚ್ಚಿದರೂ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು, ಅರಿಷಿಣ, ಸುಣ್ಣ, ತಂಬಾಕು ಯಾವುದನ್ನೂ ಹಚ್ಚಬಾರದು, ರೇಬಿಸ್ ಮತ್ತು ಧನುರ್ವಾಯು ಎರಡಕ್ಕೂ ಚುಚ್ಚುಮದ್ದು ಕೊಡಿಸಬೇಕು. ಮುಂದೆ ಸಮಿತಿ ಊರಲ್ಲಿ ಅಂಟಿಸಿದ ಮೊದಲ ಕಾಗದದಲ್ಲಿ ಇದ್ದದ್ದು ಈ ಮೂರು ಮಾತುಗಳೇ.

ಮೊದಲ ಹದಿನೈದು ದಿನ

ಮರುದಿನ ಸಂಜೆ ಬಸವಣ್ಣನ ಗುಡಿಯ ಕಟ್ಟೆಯಲ್ಲಿ ಊರು ಸೇರಿತು. ತರುಣರು ಕುದಿಯುತ್ತಿದ್ದರು. "ಸಾಹೇಬ್ರ, ನೀವು ಬೋನು ಇಡ್ರಿ. ಇಲ್ಲಂದ್ರ ನಾವ ನೋಡ್ಕೋತೀವಿ" ಎಂದು ಒಬ್ಬ ಎದ್ದು ನಿಂತು ಹೇಳಿದ. ವಲಯ ಅರಣ್ಯಾಧಿಕಾರಿ ಆ ಮಾತಿಗೆ ಕಾನೂನಿನ ಉತ್ತರ ಕೊಡಬಹುದಿತ್ತು. ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ಪ್ರಾಣಿ. ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದೆ ಎಂದೋ ವಾಸಿಯಾಗದ ರೋಗ ತಗುಲಿದೆ ಎಂದೋ ಮನವರಿಕೆಯಾಗಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಬರವಣಿಗೆಯಲ್ಲಿ ಆದೇಶಿಸದ ಹೊರತು ಅದನ್ನು ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ. ಅವರು ಅದನ್ನು ಹೇಳಿದ್ದು ಎಲ್ಲಕ್ಕೂ ಕೊನೆಯಲ್ಲಿ. ಸಭೆಗೆ ಬರುವ ಮೊದಲು ಬೆಳಗಾವಿಗೆ ಹೋಗಿ ಬಸಪ್ಪನವರನ್ನು ಕಂಡು, ಆಸ್ಪತ್ರೆಯ ಖರ್ಚಿನ ಅರ್ಜಿಯನ್ನು ತಾವೇ ತುಂಬಿಸಿಕೊಂಡು ಬಂದಿದ್ದರು. ಆ ಅರ್ಜಿಯ ಪ್ರತಿಯನ್ನು ಬಸಪ್ಪನವರ ಅಣ್ಣನ ಕೈಗಿಟ್ಟು, "ಹದಿನೈದು ದಿವಸ ಕೊಡ್ರಿ. ಯಾಕ ಹಿಂಗಾತು ಅನ್ನೂದು ಮೊದಲ ನೋಡೂಣು" ಎಂದರು. ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ಅವರು ಮೊದಲು ಕಾಯ್ದೆಯ ಕಲಮು ಓದಿದ್ದರೆ ಆ ರಾತ್ರಿಯೇ ಹತ್ತು ಜನ ಕೊಡಲಿ ಹಿಡಿದು ಹಳ್ಳ ದಾಟುತ್ತಿದ್ದರು.

ಬೋನು ಇಡದಿರುವುದಕ್ಕೆ ಕಾನೂನಿನಾಚೆಯ ಕಾರಣಗಳೂ ಇದ್ದವು. ಎಳೆಯ ಮರಿಗಳಿರುವಾಗ ತಾಯಿ ಸಿಕ್ಕಿ ಮರಿಗಳು ಹೊರಗುಳಿದರೆ ಅವು ಸಾಯುತ್ತವೆ. ಬೇರೆ ಕಾಡಿಗೆ ಬಿಟ್ಟ ಕರಡಿ ಅಲ್ಲಿಯ ದಾರಿ, ನೀರು, ಜನ ಯಾವುದನ್ನೂ ಅರಿಯದೆ ಇನ್ನೊಂದು ಊರಿನಲ್ಲಿ ಇದೇ ಅನಾಹುತ ಮಾಡಬಹುದು. ಇಲ್ಲಿ ತೆರವಾದ ಜಾಗಕ್ಕೆ, ನೀರೂ ಹುತ್ತವೂ ಇರುವವರೆಗೆ, ಮತ್ತೊಂದು ಕರಡಿ ಬಂದೇ ಬರುತ್ತದೆ.

ಆ ಹದಿನೈದು ದಿನಗಳಲ್ಲಿ ನಾವು ಮಾಡಿದ ಕೆಲಸಗಳೆಲ್ಲ ಸರಿಯಾಗಿದ್ದವೆಂದು ಹೇಳಲಾರೆ. ಸಂಜೆ ಪಟಾಕಿ ಹೊಡೆದೆವು, ಎರಡು ರಾತ್ರಿ ಸುಮ್ಮನಿದ್ದು ಮೂರನೆಯ ರಾತ್ರಿ ಕರಡಿ ಮತ್ತೆ ಬಂದು ಹುತ್ತ ಅಗೆದಿತ್ತು. ಹಳ್ಳದುದ್ದಕ್ಕೆ ಸೋಲಾರ್ ಬೇಲಿ ಹಾಕಿಸಬೇಕೆಂದು ಸೂಚಿಸಿದವನು ನಾನು. ಕಂದು ಕರಡಿಗಳ ನಾಡಿನಲ್ಲಿ ಬೇಲಿ ಫಲ ಕೊಟ್ಟದ್ದನ್ನು ಓದಿದ್ದೆ, ಕರಡಿ ಕಬ್ಬಿಗಾಗಿಯೇ ಬರುತ್ತದೆ ಎಂದು ಪರೀಕ್ಷಿಸದೆ ನಂಬಿದ್ದೆ. ಪಂಚಾಯಿತಿಯ ಹಣದಲ್ಲಿ ಒಂದು ತುಣುಕು ಬೇಲಿ ಹಾಕಿಯೂ ಆಯಿತು. ದನಗಳ ದಾರಿಗೆ ಅಡ್ಡವಾಯಿತೆಂದು ಒಂದೇ ವಾರದಲ್ಲಿ ಅದರ ತಂತಿಯನ್ನು ಯಾರೋ ಸಡಿಲಿಸಿದರು, ಕರಡಿ ಬೇಲಿ ಮುಗಿದಲ್ಲಿಂದ ಸುತ್ತಿ ಬಂತು.

ಪ್ರಶ್ನೆ ಬದಲಾದದ್ದು

ಆಸ್ಪತ್ರೆಯಲ್ಲಿ ಬಸಪ್ಪನವರು ಮಾತಾಡುವಂತಾದಾಗ ನಾನೂ ಗಸ್ತು ಸಿಬ್ಬಂದಿಯೊಬ್ಬರೂ ಕಾಣಲು ಹೋದೆವು. ಕರಡಿ ಯಾವ ಕಡೆಯಿಂದ ಮೇಲೆ ಬಿತ್ತು ಎಂದು ಕೇಳಿದ್ದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನನ್ನ ಮ್ಯಾಲ ಬರಲಿಲ್ರಿ ಸರ, ನಾನ ಅದರ ಮ್ಯಾಲ ಹೋದ್ನಿ. ಅದು ಮಣ್ಣಾಗ ಮಾರಿ ಹಾಕಿತ್ತು, ನಾನು ಬ್ಯಾಟರಿ ಪೆಟಗಿ ಕಡೆ ಬಿಟ್ಟಿದ್ನಿ. ಮೋಟರಿನ ಸಪ್ಪಳದಾಗ ಇಬ್ಬರಿಗೂ ಗೊತ್ತಾಗಲಿಲ್ಲ" ಎಂದರು. ಕಣ್ಣು ಕಳೆದುಕೊಂಡು ಹಾಸಿಗೆಯಲ್ಲಿದ್ದ ಮನುಷ್ಯ ಇಷ್ಟು ನ್ಯಾಯವಾಗಿ ಮಾತಾಡಿದ್ದು ನನ್ನನ್ನು ಅಲುಗಾಡಿಸಿತು. ಅಲ್ಲಿಯವರೆಗೆ ಕರಡಿ ಊರಿಗೆ ಯಾಕೆ ಬರುತ್ತದೆ ಎಂದು ಕೇಳುತ್ತಿದ್ದ ನಾವು, ಅಂದಿನಿಂದ ಮನುಷ್ಯ ಮತ್ತು ಕರಡಿ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಹೇಗೆ ಬಂದು ನಿಲ್ಲುತ್ತಾರೆ ಎಂದು ಕೇಳತೊಡಗಿದೆವು.

ಇಲಾಖೆಯವರು ಹಳ್ಳದ ದಾರಿಯಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿದರು. ನನ್ನ ವಿದ್ಯಾರ್ಥಿಗಳು ಬದುಗಳಲ್ಲಿ ಬಿದ್ದಿದ್ದ ಕರಡಿಯ ಮಲವನ್ನು ತಂದು ತೊಳೆದು ಸೋಸಿದರು. ಅದರಲ್ಲಿ ಬಹುಪಾಲು ಗೆದ್ದಲಿನ ತಲೆಗಳು, ಇರುವೆ, ಮಣ್ಣು, ಕಾಡುಹಣ್ಣಿನ ಬೀಜ. ಕಬ್ಬಿನ ನಾರು ಎಲ್ಲೋ ಸ್ವಲ್ಪ. ಕ್ಯಾಮೆರಾದಲ್ಲಿ ಕರಡಿ ನಡುರಾತ್ರಿಯಿಂದ ನಸುಕಿನವರೆಗೆ ಮಾತ್ರ ಕಂಡಿತು. ಬಿಸಿಲೇರಿದ ಮೇಲೆ ಅದು ಹಳ್ಳದಾಚೆಯ ಲಂಟಾನದ ಪೊದೆಯಲ್ಲಿಯೇ ಮಲಗುತ್ತಿತ್ತೆಂದು ಹೆಜ್ಜೆಗಳಿಂದ ತಿಳಿಯಿತು. ಬೇಸಿಗೆಯಲ್ಲಿ ಕಾಡಿನ ನೆಲ ಒಣಗಿ ಗಟ್ಟಿಯಾಗಿ, ಗೆದ್ದಲು ಆಳಕ್ಕಿಳಿದಾಗ, ಸೋರುವ ಪೈಪಿನ ಸುತ್ತಲಿನ ಹಸಿ ಮಣ್ಣು ಅದಕ್ಕೆ ಕುಡಿಯುವ ನೀರನ್ನೂ ಸುಲಭದ ಊಟವನ್ನೂ ಒಟ್ಟಿಗೆ ಕೊಡುತ್ತಿತ್ತು. ಕರೆಂಟಿನ ಪಾಳಿ ಮನುಷ್ಯನನ್ನು ಅದೇ ಗಳಿಗೆಗೆ, ಅದೇ ದಾರಿಯಲ್ಲಿ, ಮೋಟಾರಿನ ಸದ್ದಿನ ಮರೆಯಲ್ಲಿ ಅಲ್ಲಿಗೆ ಕಳಿಸುತ್ತಿತ್ತು.

ಇದೇ ವಾರ ಗಸ್ತಿನವರಿಗೆ ಹಳ್ಳದಾಚೆ ತಂತಿಯ ಉರುಲು ಸಿಕ್ಕಿತು. ಹಂದಿಗೆಂದು ಇಟ್ಟದ್ದು ಎಂದರು, ಆದರೆ ಅದು ಕರಡಿಯ ದಾರಿಯಲ್ಲಿಯೇ ಇತ್ತು. ಉರುಲಿಗೆ ಬಿದ್ದು ಒದ್ದಾಡುವ ಕರಡಿಯಷ್ಟು ಅಪಾಯಕಾರಿ ಮತ್ತೊಂದಿಲ್ಲ; ಅದರ ಕೂಗು ಕೇಳಿ ನೋಡಲು ಹೋದವನೇ ಮುಂದಿನ ಗಾಯಾಳು. ಅಧಿಕಾರಿ ಇಲ್ಲಿಯೂ ಬಿಗಿ ಹಿಡಿಯಲಿಲ್ಲ, ಸಡಿಲವನ್ನೂ ಬಿಡಲಿಲ್ಲ. ಉರುಲನ್ನು ಕಟ್ಟೆಯ ಮೇಲೆ ಎಲ್ಲರ ಮುಂದಿಟ್ಟು, ಇನ್ನೊಂದು ಸಿಕ್ಕರೆ ಮೊಕದ್ದಮೆ ಖಂಡಿತ ಎಂದರು. ಅಷ್ಟರಲ್ಲಿ ಬಸಪ್ಪನವರ ಮಾತು ಊರಲ್ಲಿ ಹಬ್ಬಿತ್ತು. ಗಾಯಗೊಂಡವರೇ ಕರಡಿಯ ಮೇಲೆ ತಪ್ಪು ಹೊರಿಸದಿದ್ದಾಗ ಉಳಿದವರ ಸಿಟ್ಟಿಗೆ ಬಲ ಕಡಿಮೆಯಾಯಿತು ಎಂಬುದು ನನ್ನ ಗ್ರಹಿಕೆ.

ಕರೆಂಟಿನ ಪಾಳಿ

ಸೋರುವ ಜೋಡಣೆಯನ್ನು ಅರ್ಧ ದಿನದಲ್ಲಿ ಸರಿಪಡಿಸಿದರು. ದಾರಿಯ ಎರಡೂ ಬದಿಗೆ ಹತ್ತತ್ತು ಅಡಿ ಲಂಟಾನ ಕಡಿದರು, ಸ್ಟಾರ್ಟರ್ ಪೆಟ್ಟಿಗೆಯನ್ನು ಹುತ್ತದಿಂದ ದೂರ, ಬಯಲಿಗೆ ಸರಿಸಿದರು. ಕಾಡಿನೊಳಗೆ ಹೊಲಗಳಿಂದ ದೂರದಲ್ಲಿದ್ದ ಹಳೆಯ ನೀರುಗುಂಡಿಯ ಹೂಳನ್ನು ಇಲಾಖೆ ತೆಗೆಸಿತು. ಇವು ಸುಲಭದ ಕೆಲಸಗಳು. ಪಾಳಿ ಬದಲಿಸುವುದು ಹಾಗಿರಲಿಲ್ಲ.

ವಿದ್ಯುತ್ ಕಂಪನಿಯ ಶಾಖಾ ಕಚೇರಿಯಲ್ಲಿ ಮೊದಲ ಅರ್ಜಿಗೆ ಇಲ್ಲವೆಂದರು, ಅವರ ಕಾರಣ ಸುಳ್ಳಾಗಿರಲಿಲ್ಲ. ಒಂದೇ ಉಪಕೇಂದ್ರದಿಂದ ಕಾಡಂಚಿನ ಫೀಡರೂ ಬಯಲಿನ ಫೀಡರುಗಳೂ ಹೊರಡುತ್ತಿದ್ದವು. ಒಬ್ಬರಿಗೆ ಹಗಲು ಕೊಟ್ಟರೆ ಇನ್ನೊಬ್ಬರಿಗೆ ರಾತ್ರಿ ಹೋಗಲೇಬೇಕು. ಆದ್ದರಿಂದ ಒಪ್ಪಿಸಬೇಕಾದದ್ದು ಬಯಲಿನ ಊರುಗಳನ್ನು. ಮೊದಲ ಕೂಟದಲ್ಲಿ ಅವರ ಕಡೆಯವರೊಬ್ಬರು, "ನಿಮ್ಮ ಊರಾಗ ಕರಡಿ ಐತಿ ಅಂತ ನಮ್ಮ ನಿದ್ದಿ ಯಾಕ ಕೆಡಸ್ತೀರಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ; ರಾತ್ರಿ ನೀರು ಹಾಯಿಸುವಾಗ ಹಾವು ಕಡಿದು ಸತ್ತವರು ಆ ಊರುಗಳಲ್ಲಿಯೂ ಇದ್ದರು. ನಾನು ಸಂರಕ್ಷಣೆಯ ಮಹತ್ವದ ಬಗ್ಗೆ ಮಾತಾಡಿದೆ, ಅದರಿಂದ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಕಾಡಂಚಿನ ಊರಿನ ಒಬ್ಬ ಹಿರಿಯರ ಮಾತು: "ವರ್ಷಪೂರ್ತಿ ಬ್ಯಾಡ ತಮ್ಮಾ. ಫೆಬ್ರವರಿಯಿಂದ ಮೇ ತನಕ ನಾಕ ತಿಂಗಳ ನಮಗ ಹಗಲ ಕೊಡ್ರಿ. ಹಿಂಗಾರಿನಾಗ ರಾತ್ರಿ ಪಾಳಿ ನಾವು ತಗೋತೀವಿ." ಕೇಳಿದ್ದಕ್ಕೆ ಪ್ರತಿಯಾಗಿ ಕೊಡುವುದೂ ಇದ್ದುದರಿಂದ ಮಾತು ಮುಂದುವರಿಯಿತು, ಮೂರನೆಯ ಕೂಟದಲ್ಲಿ ಎರಡೂ ಪಂಚಾಯಿತಿಗಳು ಠರಾವು ಮಾಡಿ ಕಂಪನಿಗೆ ಕೊಟ್ಟವು.

ಈ ಒಪ್ಪಂದಕ್ಕೂ ಬೆಲೆಯಿದೆ. ಹಿಂಗಾರಿನಲ್ಲಿ ರಾತ್ರಿ ಪಾಳಿ ತೆಗೆದುಕೊಂಡವರು ಅಪಾಯದಿಂದ ಪಾರಾಗಿಲ್ಲ. ಆ ತಿಂಗಳುಗಳಲ್ಲಿ ಮರಿ ಹಾಕಿದ ತಾಯಿ ಬಹುಮಟ್ಟಿಗೆ ಗವಿಯಲ್ಲಿರುತ್ತದೆ, ಹಳ್ಳದ ಮೇಲಿನ ನೆಲದಲ್ಲಿ ಇನ್ನೂ ಪಸೆ ಇರುವುದರಿಂದ ಕರಡಿಗಳು ಹೊಲದ ಪೈಪಿಗೆ ಬರುವ ಅಗತ್ಯ ಕಡಿಮೆ ಎಂಬ ಲೆಕ್ಕದ ಮೇಲೆ ನಿಂತ ನಿರ್ಧಾರ ಅದು. ಆದ್ದರಿಂದ ಜೊತೆಗೆ ಕೆಲವು ರೂಢಿಗಳನ್ನು ಊರೇ ಮಾಡಿಕೊಂಡಿತು: ರಾತ್ರಿ ಒಬ್ಬರೇ ಹೋಗುವುದಿಲ್ಲ, ಎತ್ತಿನ ಕೊರಳ ಗಂಟೆಯನ್ನು ಕೋಲಿಗೆ ಕಟ್ಟಿ ಬಾರಿಸುತ್ತ ಹೋಗುತ್ತಾರೆ, ಪೆಟ್ಟಿಗೆಯಿಂದ ಐವತ್ತು ಹೆಜ್ಜೆ ದೂರದಲ್ಲಿಯೇ ನಿಂತು ಕೂಗು ಹಾಕಿ ಸುತ್ತ ಬೆಳಕು ಬಿಡುತ್ತಾರೆ. ಮೇಲೆ ಬಿದ್ದರೆ ಓಡದೆ ಬೋರಲು ಮಲಗಿ, ಎರಡೂ ಕೈಗಳಿಂದ ಕತ್ತು, ತಲೆ ಮುಚ್ಚಿಕೊಳ್ಳಬೇಕೆಂದು ಶಾಲೆಯ ಮಕ್ಕಳಿಗೂ ಮಾಡಿ ತೋರಿಸಲಾಯಿತು.

ಎರಡನೆಯ ಗಾಯ

ಇಷ್ಟಕ್ಕೇ ಪ್ರಕರಣ ಮುಗಿದಿದ್ದರೆ ನಾನು ಇದನ್ನು ಯಶಸ್ಸೆಂದು ಬರೆಯುತ್ತಿದ್ದೆನೇನೋ. ಅದೇ ಮೇ ತಿಂಗಳಲ್ಲಿ ಗಂಗವ್ವ ಎಂಬ ಹೆಣ್ಣುಮಗಳಿಗೆ ಗಾಯವಾಯಿತು, ಮತ್ತು ನಮಗೆ ಅದು ತಿಳಿದದ್ದು ಹದಿನೆಂಟು ದಿನಗಳ ಮೇಲೆ. ಬೇಸಿಗೆಯ ಕೊನೆಗೆ ಕವಳಿ ಹಣ್ಣು ಬರುತ್ತದೆ, ಬುಟ್ಟಿಗೆ ತುಂಬಿ ಬೆಳಗಾವಿಯ ಪೇಟೆಯಲ್ಲಿ ಮಾರಿದರೆ ಬಡ ಮನೆಗಳಿಗೆ ಆ ತಿಂಗಳ ಖರ್ಚಿಗೆ ಆಗುತ್ತದೆ. ಕರಡಿಗೂ ಅದೇ ಹಣ್ಣು ಇಷ್ಟ. ಬೇರೆಯವರು ಬರುವ ಮೊದಲೇ ಕಿತ್ತುಕೊಳ್ಳಬೇಕೆಂದು ಗಂಗವ್ವ ಬೆಳಕು ಹರಿಯುವ ಮುಂಚೆ ಒಬ್ಬಳೇ ಹೋಗಿದ್ದಳು. ತೊಡೆಗೂ ಭುಜಕ್ಕೂ ಗಾಯವಾಗಿತ್ತು. ಮನೆಯವರು ಮರದಿಂದ ಬಿದ್ದಳೆಂದು ಹೇಳಿ ಖಾಸಗಿ ವೈದ್ಯರಲ್ಲಿ ತೋರಿಸಿದ್ದರಿಂದ ರೇಬಿಸ್ ಚುಚ್ಚುಮದ್ದೂ ಆಗಿರಲಿಲ್ಲ, ಪರಿಹಾರಕ್ಕೆ ಬೇಕಾದ ಪಂಚನಾಮೆಯೂ ಆಗಿರಲಿಲ್ಲ. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದಾಗ ಅವಳ ಅತ್ತೆ, "ಅಡವ್ಯಾಗ ಹೋಗಿದ್ದಕ್ಕ ಕೇಸ್ ಹಾಕ್ತಾರಂತ ಅಂಜಿದ್ವಿ ಯಪ್ಪಾ" ಎಂದಳು.

ನಮ್ಮ ಸಮಿತಿಯಲ್ಲಿ ಹೊಲ ಇದ್ದವರೇ ಇದ್ದರು, ಗಂಡಸರೇ ಇದ್ದರು. ಕರೆಂಟಿನ ಪಾಳಿಯ ಬಗ್ಗೆ ಮೂರು ಕೂಟ ನಡೆಸಿದ ನಾವು, ಹೊಲವಿಲ್ಲದ ಮನೆಗಳ ಹೆಂಗಸರು ಯಾವ ಹೊತ್ತಿಗೆ ಎಲ್ಲಿಗೆ ಹೋಗುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಇದು ಸಣ್ಣ ಲೋಪವಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅಧಿಕಾರಿ, ಹಣ್ಣಿಗೆ ಹೋಗಿ ಗಾಯಗೊಂಡವರ ಮೇಲೆ ಮೊಕದ್ದಮೆ ಹಾಕುವುದಿಲ್ಲ, ಮೊದಲು ಚಿಕಿತ್ಸೆ, ಉಳಿದ ಮಾತು ಆಮೇಲೆ ಎಂದು ಎಲ್ಲರ ಎದುರಿಗೆ ಹೇಳಿದರು. ಗಂಗವ್ವನಿಗೆ ತಡವಾಗಿಯಾದರೂ ಚುಚ್ಚುಮದ್ದು ಕೊಡಿಸಲಾಯಿತು. ಮರುವರ್ಷ ಹೆಂಗಸರು ಬಿಸಿಲೇರಿದ ಮೇಲೆ ಐದಾರು ಜನರ ಗುಂಪಾಗಿ, ಮಾತಾಡಿಕೊಳ್ಳುತ್ತ ಹಣ್ಣಿಗೆ ಹೊರಟರು. ಎಲ್ಲರೂ ಒಂದೇ ಹೊತ್ತಿಗೆ ಹೊರಡಬೇಕೆಂಬ ಕಟ್ಟಳೆಯನ್ನು ಅವರೇ ಮಾಡಿಕೊಂಡಿದ್ದರು, ಮೊದಲು ಹೋದವರಿಗೆ ಹೆಚ್ಚು ಹಣ್ಣು ಎಂಬ ಪೈಪೋಟಿ ಇರುವವರೆಗೆ ನಸುಕಿನಲ್ಲಿ ಹೋಗುವುದು ತಪ್ಪುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಮುಂದೆ ಆದದ್ದು

ಆಮೇಲಿನ ಎರಡು ಬೇಸಿಗೆಗಳಲ್ಲಿ ಆ ಹಳ್ಳದ ದಾರಿಯಲ್ಲಿ ಯಾರಿಗೂ ಗಾಯವಾಗಲಿಲ್ಲ. ಕರಡಿಗಳು ಹೋಗಿರಲೂ ಇಲ್ಲ, ಕ್ಯಾಮೆರಾದಲ್ಲಿ ಕಾಣುತ್ತಲೇ ಇದ್ದವು. ಒಂದು ಊರು, ಒಂದು ದಾರಿ, ಎರಡು ವರ್ಷ ಎಂದರೆ ಪುರಾವೆಯಾಗಿ ಬಹಳ ಚಿಕ್ಕದು. ನಾವು ಮಾಡಿದ ಕೆಲಸಗಳಲ್ಲಿ ಯಾವುದರಿಂದ ಎಷ್ಟು ಫಲವಾಯಿತೆಂದು ಬಿಡಿಸಿ ಹೇಳಲು ಅದು ಸಾಲದು. ಅಂದಾಜಿನ ಮೇಲೆ ಹೇಳುವುದಾದರೆ ನಾನು ಸೋರುವ ಪೈಪನ್ನೂ ಕರೆಂಟಿನ ಪಾಳಿಯನ್ನೂ ಮೊದಲಿಗಿಡುತ್ತೇನೆ. ಬೇಲಿಯಲ್ಲಿ ಉಳಿದಿದ್ದ ಕಂಬಗಳನ್ನು ಪಂಚಾಯಿತಿ ಅಂಗನವಾಡಿಯ ಆವರಣಕ್ಕೆ ಬಳಸಿಕೊಂಡಿತು.

ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಿಂದ ಕರಡಿಗಳಿಗೆಂದೇ ಒಂದು ಧಾಮವಿದೆ, ಅದು ಬೇಕಾದದ್ದೇ. ಆದರೆ ಈ ತಾಲ್ಲೂಕಿನಂಥ ಕಡೆಗಳಲ್ಲಿ ಕರಡಿಯ ಅರ್ಧ ಬದುಕು ಧಾಮದ ಗಡಿಯ ಹೊರಗೆ, ಯಾರದೋ ಬದುವಿನ ಮೇಲೆ ನಡೆಯುತ್ತದೆ. ಅದರ ಉಳಿವು ಅರಣ್ಯ ಇಲಾಖೆಯಷ್ಟೇ ವಿದ್ಯುತ್ ಕಂಪನಿಯ ಶಾಖಾಧಿಕಾರಿಯನ್ನೂ, ತಾಲ್ಲೂಕು ಆಸ್ಪತ್ರೆಯ ಔಷಧದ ದಾಸ್ತಾನನ್ನೂ, ಬಯಲಿನ ಊರಿನವರ ಒಪ್ಪಿಗೆಯನ್ನೂ ನೆಚ್ಚಿಕೊಂಡಿದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿರಲಿಲ್ಲ.

ಮೂರನೆಯ ವರ್ಷ ಶಾಖಾಧಿಕಾರಿ ವರ್ಗವಾಗಿ ಹೊಸಬರು ಬಂದರು, ಬೇಸಿಗೆಯ ಬೇಡಿಕೆಯೂ ಏರಿತು, ಪಾಳಿಯ ಪಟ್ಟಿ ಹಳೆಯ ರೀತಿಗೆ ಮರಳಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಠರಾವಿನ ಪ್ರತಿ ಕಡತದಲ್ಲಿ ಎಲ್ಲಿಯೋ ಉಳಿದಿತ್ತು. ಹನ್ನೆರಡು ರಾತ್ರಿ ಊರಿನವರು ಗಂಟೆ ಬಾರಿಸುತ್ತ ಜೋಡಿಯಾಗಿ ಹೋಗಿ ಬಂದರು. ಹದಿಮೂರನೆಯ ದಿನ ಬಸಪ್ಪನವರು ತಮ್ಮ ಬಳಿಯಿದ್ದ ಠರಾವಿನ ಜೆರಾಕ್ಸ್ ಪ್ರತಿಯನ್ನು ಹಿಡಿದು ಅಣ್ಣನ ಮಗನ ಬೈಕಿನ ಮೇಲೆ ಶಾಖಾ ಕಚೇರಿಗೆ ಹೋಗಿ, ಸಂಜೆಯವರೆಗೆ ಕೂತು, ತಿದ್ದಿದ ಪಟ್ಟಿಯನ್ನು ತೆಗೆದುಕೊಂಡು ಬಂದರು. ಈಗ ಪ್ರತಿ ವರ್ಷ ಜನವರಿ ಕೊನೆಯ ವಾರದಲ್ಲಿ, ಯಾರೂ ನೆನಪಿಸುವ ಮೊದಲೇ, ಅವರು ಆ ಕಾಗದ ಹಿಡಿದು ಹೋಗುತ್ತಾರೆ.